‘ಗೆದ್ದೇ ಗೆಲ್ಲುತ್ತೇನೆ’ ಎಂದು ಬರೆಸಬೇಡಿ, ಮನಸ್ಸು ಅಂದದ್ದನ್ನು ಬರೆಸಿ

ಮಾನ್ಯ ಸಂಪಾದಕರೇ,

ನೇಮಕಾತಿ ಅಧಿಸೂಚನೆ ಹೊರಬಿದ್ದಾಗಲೆಲ್ಲ ಪತ್ರಿಕೆಗಳ ಶಿಕ್ಷಣ ಪುಟದಲ್ಲಿ ಆತ್ಮವಿಶ್ವಾಸ ಬೆಳೆಸಿಕೊಳ್ಳುವ ಲೇಖನಗಳು ಬರುತ್ತವೆ. ಬೆಳಿಗ್ಗೆ ಎದ್ದು ಕನ್ನಡಿ ಮುಂದೆ ನಿಂತು ‘ನಾನು ಗೆದ್ದೇ ಗೆಲ್ಲುತ್ತೇನೆ’ ಎಂದು ಹತ್ತು ಸಲ ಹೇಳಿಕೊಳ್ಳಿ, ಕೆಟ್ಟ ವಿಚಾರ ಬಂದರೆ ತಕ್ಷಣ ಹೊರದಬ್ಬಿ ಎನ್ನುವುದು ಅವುಗಳ ಒಟ್ಟು ಸಲಹೆ. ಧಾರವಾಡದ ಸಪ್ತಾಪುರದ ಸುತ್ತಿನ ಓದುವ ಕೋಣೆಗಳ ಗೋಡೆಗಳಿಗೂ ಇದೇ ಮಾತಿನ ಚೀಟಿಗಳು ಅಂಟಿರುತ್ತವೆ. ಬರೆಯುವವರ ಮನಸ್ಸು ಒಳ್ಳೆಯದೇ. ಆದರೆ ಈ ಉಪಾಯ ಯಾರಿಗೆ ಹೆಚ್ಚು ಬೇಕಾಗಿರುತ್ತದೆಯೋ ಅವರಿಗೇ ತಿರುಗುಬಾಣವಾಗುತ್ತದೆ. ಆಪ್ತಸಮಾಲೋಚನೆಯ ಕೆಲಸದಲ್ಲಿರುವ ನಾವು ಇಬ್ಬರೂ ಸೇರಿ ಈ ಪತ್ರ ಬರೆಯುತ್ತಿರುವುದು ಅದಕ್ಕಾಗಿ. ಪತ್ರ ಉದ್ದವಿದೆ. ಅರ್ಧ ಹೇಳಿದರೆ ಉಪಯೋಗವಿಲ್ಲದ ವಿಷಯವಿದು.

ಕೆನಡಾದ ವಾಟರ್‌ಲೂ ವಿಶ್ವವಿದ್ಯಾಲಯದ ಜೊಆನ್ ವುಡ್ ಮತ್ತು ಅವರ ಸಂಗಡಿಗರು 2009ರಲ್ಲಿ ಪ್ರಕಟಿಸಿದ ಅಧ್ಯಯನವೊಂದಿದೆ. ‘ನಾನು ಪ್ರೀತಿಗೆ ಅರ್ಹ ವ್ಯಕ್ತಿ’ ಎಂಬ ಮಾತನ್ನು ಮತ್ತೆ ಮತ್ತೆ ಹೇಳಿಕೊಳ್ಳಲು ಹಚ್ಚಿದಾಗ, ತಮ್ಮ ಬಗ್ಗೆ ಮೊದಲೇ ಒಳ್ಳೆಯ ಅಭಿಪ್ರಾಯ ಇದ್ದವರಿಗೆ ತುಸು ಹಿತವೆನಿಸಿತು. ಕೀಳರಿಮೆ ಇದ್ದವರು ಮೊದಲಿಗಿಂತ ಇನ್ನಷ್ಟು ಕುಗ್ಗಿದರು. ಯಾಕೆಂದರೆ ನಂಬದ ಮಾತನ್ನು ಬಾಯಿ ಹೇಳಿದ ಕೂಡಲೇ ಒಳಗಿನಿಂದ ಎದುರುತ್ತರ ಏಳುತ್ತದೆ. ‘ಗೆದ್ದೇ ಗೆಲ್ತೇನಿ’ ಅಂದರೆ ‘ಹೋದ ವರ್ಷಾನೂ ಹಿಂಗ ಅಂದಿದ್ದಿ’ ಎಂದು ಮನಸ್ಸು ಲೆಕ್ಕ ಒಪ್ಪಿಸುತ್ತದೆ. ಸೋಲಿನ ಪಟ್ಟಿಯನ್ನು ಓದುವಂತೆ ದಿನಾ ಬೆಳಿಗ್ಗೆ ನಾವೇ ಅದಕ್ಕೆ ಹೇಳಿಕೊಟ್ಟಂತೆ ಆಗುತ್ತದೆ.

ಹಾಗಾದರೆ ಏನು ಮಾಡಬೇಕು? ಮೊದಲು ಆ ಮಾತನ್ನು ಕೇಳಿಸಿಕೊಳ್ಳಬೇಕು. ಇದು ಅಂದುಕೊಂಡಷ್ಟು ಸರಳವಲ್ಲ. ತನ್ನನ್ನು ತಾನೇ ಹಳಿದುಕೊಳ್ಳುವ ಮಾತು ಉದ್ದ ಭಾಷಣವಾಗಿ ಬರುವುದಿಲ್ಲ. ಅರ್ಧ ಸೆಕೆಂಡಿನಲ್ಲಿ, ಮನೆಮಾತಿನಲ್ಲಿ, ತೀರ್ಪಿನ ಧಾಟಿಯಲ್ಲಿ ಬಂದು ಹೋಗಿರುತ್ತದೆ. ‘ನನ್ನ ಕೈಲೆ ಆಗೂದಿಲ್ಲ.’ ‘ನನಗ ತಲೀನ ಇಲ್ಲ.’ ‘ಅಪ್ಪನ ರೊಕ್ಕಾ ಹಾಳ ಮಾಡಿದೆ.’ ‘ಊರಾಗ ಮಾರಿ ಹ್ಯಾಂಗ ತೋರಸ್ಲಿ?’ ‘ನಂದು ಮುಗೀತು.’ ಉಳಿಯುವುದು ಎದೆ ಭಾರ, ಹೊಟ್ಟೆ ಹಿಂಡಿದಂತಾಗುವುದು, ಪುಸ್ತಕ ಮುಚ್ಚಿಟ್ಟು ಮೊಬೈಲ್ ಹಿಡಿಯುವುದು. ಅಮೆರಿಕದ ಮನೋವೈದ್ಯ ಆರನ್ ಬೆಕ್ 1960ರ ದಶಕದಲ್ಲಿ ಖಿನ್ನತೆಯ ರೋಗಿಗಳ ಮಾತು ಕೇಳುತ್ತಾ ಗುರುತಿಸಿದ್ದು ಇದನ್ನೇ. ತಾನಾಗಿಯೇ ಏಳುವ, ಪರೀಕ್ಷೆಗೆ ಒಳಪಡದೆ ಸತ್ಯವೆಂದು ಒಪ್ಪಿಗೆಯಾಗುವ ಇಂಥ ವಿಚಾರಗಳ ಮೇಲೆ ಅವರು ಕಟ್ಟಿದ ಚಿಕಿತ್ಸಾ ಕ್ರಮ ಇಂದು ಲೋಕದ ಎಲ್ಲೆಡೆ ಬಳಕೆಯಲ್ಲಿದೆ. ಅದರ ಒಂದು ಸಣ್ಣ ತುಣುಕನ್ನು ವಹಿ ಮತ್ತು ಪೆನ್ನು ಇದ್ದವರು ಯಾರಾದರೂ ಮಾಡಬಹುದು.

ನೂರು ಪುಟದ ಒಂದು ವಹಿ ತೆಗೆದುಕೊಳ್ಳಿ. ಎದುರುಬದುರು ಎರಡು ಪುಟ ಸೇರಿಸಿ ಐದು ಕಾಲಮ್ಮು ಎಳೆಯಿರಿ. ಮೊದಲನೆಯದರಲ್ಲಿ ದಿನ, ಹೊತ್ತು ಮತ್ತು ಏನಾಯಿತು ಎಂಬುದು ಒಂದೇ ಸಾಲಿನಲ್ಲಿ, ಕ್ಯಾಮೆರಾ ಕಂಡಂತೆ ಇರಬೇಕು. ‘ಸರ್ ಅವಮಾನ ಮಾಡಿದರು’ ಎಂದಲ್ಲ, ‘ಅಂಕ ಓದುವಾಗ ಸರ್ ನನ್ನ ಹೆಸರು ಕಡೆಗೆ ಓದಿದರು’ ಎಂದು. ಎರಡನೆಯದರಲ್ಲಿ ಆ ಗಳಿಗೆಯಲ್ಲಿ ಮನಸ್ಸು ಅಂದ ಮಾತು, ಅದರ ಮುಂದೆ ಅದನ್ನು ಎಷ್ಟು ನಂಬುತ್ತೀರಿ ಎಂದು 0ಯಿಂದ 100ರೊಳಗೆ ಒಂದು ಅಂಕ. ಮೂರನೆಯದರಲ್ಲಿ ಭಾವನೆಯ ಹೆಸರು ಮತ್ತು ಅದರ ಬಿಸಿ, ಅದೂ 100ಕ್ಕೆ. ನಾಲ್ಕನೆಯದನ್ನು ನಡುವೆ ಗೆರೆ ಹಾಕಿ ಎರಡು ಮಾಡಿ: ಆ ಮಾತಿಗೆ ಪುರಾವೆ ಒಂದು ಕಡೆ, ಅದಕ್ಕೆ ವಿರುದ್ಧ ಪುರಾವೆ ಇನ್ನೊಂದು ಕಡೆ. ಐದನೆಯದರಲ್ಲಿ ಎರಡೂ ಕಡೆ ತೂಗಿದ ಮೇಲೆ ಉಳಿಯುವ ಮಾತು, ಮತ್ತು ಮೊದಲ ಮಾತಿನ ಮೇಲಿನ ನಂಬಿಕೆ ಈಗ ಎಷ್ಟಕ್ಕೆ ಬಂತು ಎಂಬ ಅಂಕ.

ಮನೆಮಾತಿನಲ್ಲಿಯೇ ಬರೆಯಬೇಕು. ಇದನ್ನು ಒತ್ತಿ ಹೇಳುತ್ತೇವೆ. ‘ನನಗೆ ಅಸಮರ್ಥತೆಯ ಭಾವನೆ ಉಂಟಾಯಿತು’ ಎಂದು ಪುಸ್ತಕದ ಕನ್ನಡದಲ್ಲಿ ಬರೆದರೆ ಮುಳ್ಳು ಒಳಗೇ ಉಳಿಯುತ್ತದೆ. ‘ನಾ ಯಾತಕ್ಕೂ ಬರಾಂವಲ್ಲ’ ಎಂದು ಅಂದದ್ದನ್ನು ಅಂದಂತೆಯೇ ಬರೆದರೆ ಅದು ಹಾಳೆಯ ಮೇಲೆ ಬಂದು ಕೂಡುತ್ತದೆ, ಆಗ ಅದನ್ನು ಎದುರಿಗೆ ಇಟ್ಟುಕೊಂಡು ನೋಡಬಹುದು.

ಒಂದು ಉದಾಹರಣೆ ತುಂಬಿಸಿ ತೋರಿಸುತ್ತೇವೆ. ಮಾಕ್ ಟೆಸ್ಟಿನ 100 ಪ್ರಶ್ನೆಗಳಲ್ಲಿ ಅಭ್ಯರ್ಥಿ 90ಕ್ಕೆ ಉತ್ತರ ಗುರುತಿಸಿದ್ದಾನೆ. 46 ಸರಿ, 44 ತಪ್ಪು. ತಪ್ಪಿಗೆ ಕಾಲು ಅಂಕ ಕಡಿತವೆಂದರೆ 11 ಹೋಗಿ 35 ಉಳಿಯಿತು. ಮನಸ್ಸು ಅಂದದ್ದು: ‘ನನಗ ತಲೀನ ಇಲ್ಲ, ಈ ಜನ್ಮದಾಗ ಪಾಸಾಗೂದಿಲ್ಲ.’ ನಂಬಿಕೆ 95. ಭಾವನೆ: ನಾಚಿಕೆ 80, ಹೆದರಿಕೆ 70. ಪುರಾವೆಯ ಕಾಲಮ್ಮಿಗೆ ಬಂದಾಗ ಪ್ರಶ್ನೆಪತ್ರಿಕೆಯನ್ನು ಪಕ್ಕದಲ್ಲಿ ಇಟ್ಟುಕೊಳ್ಳಬೇಕು, ನೆನಪಿನಿಂದ ಬರೆಯಬಾರದು. ತೆಗೆದು ನೋಡಿದರೆ ಇತಿಹಾಸ-ಭೂಗೋಳದ 30ರಲ್ಲಿ 21 ಸರಿ. ಮಾನಸಿಕ ಸಾಮರ್ಥ್ಯದ, ಅಂದರೆ ಲೆಕ್ಕ-ತರ್ಕದ, 25ರಲ್ಲಿ 5 ಮಾತ್ರ ಸರಿ. ಉಳಿದ 35ರಲ್ಲಿ 20 ಸರಿ. ಮಾನಸಿಕ ಸಾಮರ್ಥ್ಯದ 20 ತಪ್ಪುಗಳಲ್ಲಿ ಹೆಚ್ಚಿನವು ಕಡೆಯ ಹತ್ತು ನಿಮಿಷದಲ್ಲಿ ಅಂದಾಜಿನ ಮೇಲೆ ಗುರುತಿಸಿದವು. ಆ 20 ತಪ್ಪುಗಳೇ 5 ಅಂಕ ನುಂಗಿವೆ. ಈಗ ತೂಗಿದ ಮಾತು ಹೀಗೆ ಬರುತ್ತದೆ: ‘ಈ ಸಲ 35 ಬಂದಾವ, ಕಡಿಮಿ ಅದಾವ. ಇತಿಹಾಸ-ಭೂಗೋಳ ಗಟ್ಟಿ ಅದ. ಲೆಕ್ಕದಾಗ ಹಿಂದ ಅದೇನಿ, ಅಂದಾಜಿಲೆ ಗುರ್ತು ಹಾಕೂ ಚಟಾ ಬಿಡಬೇಕು. ಮೂರು ವಾರ ದಿನಾ 15 ಲೆಕ್ಕ ಮಾಡಿ ಮತ್ತ ನೋಡ್ತೇನಿ.’ ಮೊದಲ ಮಾತಿನ ಮೇಲಿನ ನಂಬಿಕೆ 95ರಿಂದ 60ಕ್ಕೆ ಇಳಿದಿರಬಹುದು. ಅಷ್ಟು ಸಾಕು. ಸೊನ್ನೆಗೆ ಇಳಿಯಬೇಕೆಂದು ಹಟ ಹಿಡಿದವರು ಮೂರನೆಯ ದಿನಕ್ಕೆ ವಹಿ ಬಿಡುತ್ತಾರೆ. 95ರಲ್ಲಿ ಕೈಕಾಲು ಆಡುವುದಿಲ್ಲ, 60ರಲ್ಲಿ ಪುಸ್ತಕ ತೆಗೆಯಲು ಬರುತ್ತದೆ, ಬೇಕಾದದ್ದು ಅದೇ.

ತೂಗಿದ ಮಾತಿನಲ್ಲಿ ಹೊಗಳಿಕೆ ಇಲ್ಲ ಎಂಬುದನ್ನು ಗಮನಿಸಿ. ‘35 ಕಡಿಮೆ’ ಎಂದು ಅದು ಒಪ್ಪಿಕೊಂಡಿದೆ. ಒಪ್ಪಿಕೊಂಡಿದ್ದರಿಂದಲೇ ಒಳಗಿನ ದನಿಗೆ ಎದುರಾಡಲು ಜಾಗ ಉಳಿದಿಲ್ಲ. ಸಕಾರಾತ್ಮಕ ದೃಷ್ಟಿ ಎಂದರೆ ಸಿಹಿ ಮಾತು ಎಂದು ಬಹಳ ಮಂದಿ ತಿಳಿದಿದ್ದಾರೆ. ನಮ್ಮ ಪ್ರಕಾರ ಅದು ಪೂರ್ತಿ ಮಾತು: ಕೆಟ್ಟದ್ದನ್ನೂ ಬಿಡದೆ, ಒಳ್ಳೆಯದನ್ನೂ ಬಿಡದೆ ಹೇಳುವ ಮಾತು.

ದಿನಕ್ಕೆ ಒಂದೇ ಪ್ರಸಂಗ, 15 ನಿಮಿಷ, ಎರಡು ವಾರ. ಎಲ್ಲಿ ತಪ್ಪುತ್ತದೆ ಎಂದೂ ಹೇಳಬೇಕು. ಎರಡನೆಯ ಕಾಲಮ್ಮಿನಲ್ಲಿ ವಿಚಾರದ ಬದಲು ‘ಬ್ಯಾಸರಾತು’ ಎಂದು ಭಾವನೆಯನ್ನೇ ಬರೆಯುವುದು ಎಲ್ಲಕ್ಕಿಂತ ಸಾಮಾನ್ಯ ತಪ್ಪು. ಭಾವನೆಗೆ ಪುರಾವೆ ಕೇಳಲಾಗದು, ಹಾಗಾಗಿ ಕೆಲಸ ಅಲ್ಲಿಗೇ ನಿಲ್ಲುತ್ತದೆ. ‘ಬ್ಯಾಸರಾದಾಗ ಮನಸ್ಸು ಏನಂತು?’ ಎಂದು ಇನ್ನೊಂದು ಸಲ ಕೇಳಿಕೊಂಡರೆ ಮಾತು ಹೊರಗೆ ಬರುತ್ತದೆ. ಎರಡನೆಯ ತಪ್ಪು ಪ್ರಶ್ನೆಯನ್ನು ಪ್ರಶ್ನೆಯಾಗಿಯೇ ಬಿಡುವುದು. ‘ನನಗ ಯಾಕ ಹಿಂಗ ಆಗ್ತದ?’ ಎಂಬುದಕ್ಕೆ ಉತ್ತರ ಹುಡುಕುತ್ತಾ ಹೋದರೆ ರಾತ್ರಿ ಕಳೆಯುತ್ತದೆ. ಅದರ ಹೊಟ್ಟೆಯಲ್ಲಿರುವ ಹೇಳಿಕೆಯನ್ನು ತೆಗೆಯಿರಿ: ‘ನನ್ನ ಹಣೇಬರಾನ ಸುಮಾರು ಅದ.’ ಈಗ ತೂಗಬಹುದು. ಮೂರನೆಯದು, ಪುರಾವೆಯ ಜಾಗದಲ್ಲಿ ಅಭಿಪ್ರಾಯ ತುಂಬುವುದು. ‘ಎಲ್ಲಾರೂ ಹಂಗ ಅಂತಾರ’ ಪುರಾವೆಯಲ್ಲ. ಯಾರು, ಯಾವಾಗ, ಯಾವ ಮಾತಿನಲ್ಲಿ ಅಂದರು ಎಂದು ಬರೆಯಲು ಕುಳಿತರೆ ಎಷ್ಟೋ ಸಲ ಒಬ್ಬರ ಹೆಸರೂ ಸಿಗುವುದಿಲ್ಲ. ಇನ್ನು ರಾತ್ರಿ ಹನ್ನೆರಡರ ಮೇಲೆ ಹಾಸಿಗೆಯಲ್ಲಿ ಮಲಗಿ ಬರೆಯುವುದು ಬೇಡ. ದಣಿದ ತಲೆಗೆ ವಿರುದ್ಧ ಪುರಾವೆ ನೆನಪಾಗುವುದಿಲ್ಲ, ಬರೆದದ್ದೆಲ್ಲ ಒಂದೇ ಕಡೆಗೆ ಬೀಳುತ್ತದೆ. ಸಂಜೆಯ ಚಹಾದ ಹೊತ್ತು ಒಳ್ಳೆಯದು.

ಎರಡು ವಾರದ ನಂತರ ವಹಿಯನ್ನು ಹಿಂದಿನಿಂದ ಓದಿದರೆ ಒಂದು ಸಂಗತಿ ಕಾಣುತ್ತದೆ: ಪ್ರಸಂಗ ಬೇರೆ ಬೇರೆ, ಮಾತು ಎರಡೋ ಮೂರೋ ಮಾತ್ರ. ಅವು ಮತ್ತೆ ಮತ್ತೆ ಬರುತ್ತವೆ. ಅವುಗಳ ಗುರುತಿಗೆ ಕೆಲವು ಪದಗಳಿವೆ. ‘ಯಾವಾಗಲೂ’, ‘ಎಂದೂ’, ‘ಯಾತಕ್ಕೂ’, ‘ಎಲ್ಲಾರೂ’, ‘ಬರೇ’. ಕಟ್‌ಆಫ್‌ಗೆ ಅರ್ಧ ಅಂಕ ಕಡಿಮೆಯಾದವನೂ ಒಂದೂ ಪುಟ ಓದದವನೂ ಒಂದೇ ಎನ್ನುವಂಥ ತೀರ್ಪು ಈ ಪದಗಳ ಬೆನ್ನಿಗೇ ಬರುತ್ತದೆ. ನಮ್ಮ ಕಡೆ ಎಲ್ಲಕ್ಕಿಂತ ಆಳಕ್ಕೆ ಇಳಿದದ್ದು ‘ಮಂದಿ ಏನಂತಾರ’ ಎಂಬುದು. ಮಂದಿಯ ಮನಸ್ಸಿನಲ್ಲಿ ಏನಿದೆ ಎಂದು ಕೇಳದೆಯೇ ಓದಿಬಿಡುವ ಅಭ್ಯಾಸ ಅದು. ಹಾವೇರಿ ಕಡೆಯ ಹಳ್ಳಿಗೆ ಹಬ್ಬಕ್ಕೆ ಹೋಗಬೇಕಾದ ಹುಡುಗಿ ‘ಬಸ್‌ಸ್ಟ್ಯಾಂಡಿನಾಗ ಎಲ್ಲಾರೂ ನನ್ನ ನೌಕರಿ ಕೇಳ್ತಾರ’ ಎಂದು ಹಾಸ್ಟೆಲ್ಲಿನಲ್ಲೇ ಉಳಿಯುತ್ತಾಳೆ. ಇದನ್ನು ವಹಿಯಲ್ಲಿ ತೂಗುವುದಕ್ಕಿಂತ ಪ್ರಯೋಗ ಮಾಡಿ ನೋಡುವುದು ಚಲೋ. ಹೋಗುವ ಮುಂಚೆ ಬರೆದಿಡಬೇಕು: ಎಷ್ಟು ಮಂದಿ ಕೇಳಬಹುದು? 20. ಕೇಳಿದರೆ ಏನು ಹೇಳುವುದು? ‘ಓದಾಕತ್ತೇನ್ರೀ, ಮುಂದಿನ ಪರೀಕ್ಷಾ ಇನ್ನೂ ಅದ’ — ಒಂದೇ ವಾಕ್ಯ, ಮೊದಲೇ ತಯಾರು. ಬಂದ ಮೇಲೆ ಎಣಿಸಬೇಕು: ನಿಜಕ್ಕೂ ಕೇಳಿದವರು ಎಷ್ಟು, ಕೇಳಿ ಚುಚ್ಚಿದವರು ಎಷ್ಟು, ಕೇಳಿ ಚಹಾ ಕುಡಿಸಿದವರು ಎಷ್ಟು. ಅಂದಾಜಿಗೂ ಎಣಿಕೆಗೂ ನಡುವಿನ ಅಂತರವೇ ಪಾಠ. ಚುಚ್ಚಿದವರು ಇಬ್ಬರಿದ್ದರೆ ಇಬ್ಬರು ಎಂದೇ ಬರೆಯಬೇಕು, ಮುಚ್ಚಬಾರದು.

ಇಲ್ಲಿ ಒಂದು ಮುಖ್ಯ ಎಚ್ಚರಿಕೆ ಇದೆ, ಇದನ್ನು ಹೇಳದ ಲೇಖನಗಳೇ ಹೆಚ್ಚು. ಎಲ್ಲ ಕಹಿ ವಿಚಾರವೂ ಸುಳ್ಳಲ್ಲ. ಗದಗ ಸೀಮೆಯ ರೈತನಿಗೆ ಕೀಳುವ ಹೊತ್ತಿಗೆ ಮಳೆ ಹಿಡಿದು ಉಳ್ಳಾಗಡ್ಡಿ ಕೊಳೆತರೆ, ಉಳಿದದ್ದಕ್ಕೆ ದರ ಬಿದ್ದರೆ, ‘ಈ ವರ್ಷ ಸಾಲ ತೀರೂದಿಲ್ಲ’ ಎಂಬುದು ಮನಸ್ಸಿನ ಭ್ರಮೆಯಲ್ಲ, ಲೆಕ್ಕ. ಅವನಿಗೆ ‘ಸಕಾರಾತ್ಮಕವಾಗಿ ಯೋಚಿಸು’ ಎನ್ನುವುದು ಅವಮಾನ. ಅಲ್ಲಿ ಮಾಡಬೇಕಾದದ್ದು ಎರಡನ್ನು ಬೇರೆ ಮಾಡುವುದು. ‘ಬೆಳಿ ಕೊಳೀತು, ದರ ಬಿತ್ತು’ — ಇದು ಸಂಗತಿ. ‘ನಾ ಸಂಸಾರ ಮಾಡಾಕ ಲಾಯಕ್ಕಿಲ್ಲ’ — ಇದು ಸಂಗತಿಯ ಬೆನ್ನಿಗೆ ಅಂಟಿಕೊಂಡು ಬಂದ ತೀರ್ಪು. ಮಳೆಯನ್ನೂ ಮಾರುಕಟ್ಟೆಯನ್ನೂ ಅವನು ಮಾಡಿಲ್ಲ. ಸಂಗತಿಗೆ ಬೇಕಾದದ್ದು ಕೆಲಸ: ಯಾರಿಗೆ ಎಷ್ಟು ಕೊಡಬೇಕೆಂಬ ಪಟ್ಟಿ, ಬ್ಯಾಂಕಿನಲ್ಲಿ ಸಾಲದ ಅವಧಿ ವಿಸ್ತರಿಸುವ ಅರ್ಜಿ, ವಿಮೆ ಕಟ್ಟಿದ್ದರೆ ಅದರ ಕಾಗದಪತ್ರ, ಜೊತೆಗೆ ಹೋಗಲು ಒಬ್ಬ ತಿಳಿದವ. ತೀರ್ಪಿಗೆ ಬೇಕಾದದ್ದು ತಕ್ಕಡಿ. ಇವೆರಡನ್ನೂ ಅದಲುಬದಲು ಮಾಡಿದರೆ, ಸಾಲಕ್ಕೆ ಸಮಾಧಾನ ಹೇಳಿ ತೀರ್ಪನ್ನು ಹಾಗೇ ಬಿಟ್ಟರೆ, ಯಾವುದೂ ಹಗುರಾಗುವುದಿಲ್ಲ.

‘ಕೆಟ್ಟ ವಿಚಾರ ಹೊರದಬ್ಬಿ’ ಎನ್ನುವ ಸಲಹೆಗೆ ಬರೋಣ. ಡೇನಿಯಲ್ ವೆಗ್ನರ್ ಎಂಬ ಮನೋವಿಜ್ಞಾನಿ 1987ರಲ್ಲಿ ಮಾಡಿದ ಪ್ರಯೋಗದಲ್ಲಿ ಬಿಳಿ ಕರಡಿಯನ್ನು ನೆನೆಯಬೇಡಿ ಎಂದು ಹೇಳಿಸಿಕೊಂಡವರು ಅದನ್ನು ಮತ್ತೆ ಮತ್ತೆ ನೆನೆದರು. ತಡೆ ತೆಗೆದ ಮೇಲೆ ಇನ್ನೂ ಹೆಚ್ಚಾಗಿ ನೆನೆದರು. ಬೇಡವೆಂದ ವಿಚಾರ ಬಂತೋ ಇಲ್ಲವೋ ಎಂದು ನೋಡಲು ಮನಸ್ಸು ಒಂದು ಕಾವಲು ಕೂರಿಸುತ್ತದೆ, ಆ ಕಾವಲುಗಾರನೇ ಅದನ್ನು ನೆನಪಿಸುತ್ತಿರುತ್ತಾನೆ. ದಬ್ಬುವ ಬದಲು ಅದಕ್ಕೊಂದು ವೇಳೆ ಗೊತ್ತು ಮಾಡುವುದು ಲೇಸು. ದಿನಾ ಸಂಜೆ ಆರರಿಂದ ಆರೂ ಇಪ್ಪತ್ತರವರೆಗೆ, ಒಂದೇ ಜಾಗದಲ್ಲಿ, ಹಾಸಿಗೆ ಮತ್ತು ಓದುವ ಟೇಬಲ್ ಬಿಟ್ಟು ಬೇರೆಡೆ ಕುಳಿತು ಚಿಂತಿಸುವುದೇ ಆ ವೇಳೆಯ ಕೆಲಸ. ಹಗಲಿನಲ್ಲಿ ವಿಚಾರ ಬಂದಾಗ ಕಿಸೆಯ ಚೀಟಿಯಲ್ಲಿ ನಾಲ್ಕು ಅಕ್ಷರ ಗೀಚಿ ‘ಆರಕ್ಕ ನೋಡೋಣ’ ಎಂದು ಓದಿಗೆ ತಿರುಗಬೇಕು. ಆರಕ್ಕೆ ಚೀಟಿ ತೆಗೆದಾಗ ಅರ್ಧ ಸಾಲುಗಳಲ್ಲಿ ಬಿಸಿಯೇ ಉಳಿದಿರುವುದಿಲ್ಲ. ಉಳಿದವುಗಳಿಗೆ ಒಂದೇ ಪ್ರಶ್ನೆ: ಇದಕ್ಕೆ ನಾಳೆ ಮಾಡಬಹುದಾದ ಕೆಲಸ ಏನಾದರೂ ಇದೆಯೇ? ಇದ್ದರೆ ಹೊತ್ತು ಹಾಕಿ ಬರೆದಿಡಿ, ಇಲ್ಲದಿದ್ದರೆ ನಾಳಿನ ಆರಕ್ಕೆ ಬಿಡಿ. ಮೊದಲ ನಾಲ್ಕೈದು ದಿನ ಮನಸ್ಸು ಕೇಳುವುದಿಲ್ಲ, ದಿನಕ್ಕೆ ಮೂವತ್ತು ಸಲ ‘ಆರಕ್ಕ’ ಎನ್ನಬೇಕಾಗುತ್ತದೆ. ಅದು ಸೋಲಲ್ಲ, ಅಭ್ಯಾಸ ಹಚ್ಚುವ ರೀತಿಯೇ ಹಾಗೆ.

ಇನ್ನೊಂದು ಉಪಾಯಕ್ಕೆ ನಮ್ಮ ಭಾಷೆಯೇ ಅನುಕೂಲವಾಗಿದೆ. ಮಿಷಿಗನ್ ವಿಶ್ವವಿದ್ಯಾಲಯದ ಈಥನ್ ಕ್ರಾಸ್ ಮತ್ತು ಸಂಗಡಿಗರು 2014ರಲ್ಲಿ ತೋರಿಸಿದಂತೆ, ಒತ್ತಡದ ಗಳಿಗೆಯಲ್ಲಿ ‘ನಾನು’ ಎನ್ನುವ ಬದಲು ತನ್ನನ್ನು ತಾನೇ ಹೆಸರು ಹಿಡಿದು ಮಾತಾಡಿಸಿಕೊಂಡವರ ಕಳವಳ ಕಡಿಮೆ ಇತ್ತು. ಹೆಸರು ಹಿಡಿದಾಗ ತನ್ನಿಂದ ತಾನೇ ಒಂದು ಹೆಜ್ಜೆ ಆಚೆ ನಿಂತಂತಾಗುತ್ತದೆ. ತಮ್ಮನಿಗೆ, ತಂಗಿಗೆ ಸಂತೈಸುವ ಮಾತು ನಮಗೆ ಹೇಳಿಕೊಡಬೇಕಾಗಿಲ್ಲ. ‘ಇರ್ಲಿ ಬಿಡೋ ತಮ್ಮಾ, ಒಂದ ಟೆಸ್ಟ್ ಹೋತು, ಏಳು, ಮಾರಿ ತೊಳ್ಕೊ’. ‘ಯಾಕ ತಂಗಿ, ಇಷ್ಟಕ್ಕ ಕುಂತಿ?’ ಇದೇ ಧಾಟಿಯಲ್ಲಿ ತನಗೆ ಹೇಳಿಕೊಳ್ಳಬೇಕು. ತಮ್ಮನಿಗೆ ಹೇಳಲಾರದ ಮಾತನ್ನು ತನಗೂ ಹೇಳಿಕೊಳ್ಳಬಾರದು. ಹೆಸರು ಹಿಡಿದು ಬೈದುಕೊಂಡರೆ ಮಾತ್ರ ಇದು ತಲೆಕೆಳಗಾಗುತ್ತದೆ.

ತನಗೆ ತಾನು ಮೆತ್ತಗಾದರೆ ಮೈಗಳ್ಳತನ ಬರುತ್ತದೆ, ಬೈದುಕೊಂಡರೇ ಓದು ಸಾಗುತ್ತದೆ ಎಂದು ಪಾಲಕರೂ ಶಿಕ್ಷಕರೂ ನಂಬಿದ್ದಾರೆ. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಜೂಲಿಯಾನಾ ಬ್ರೈನ್ಸ್ ಮತ್ತು ಸೆರೀನಾ ಚೆನ್ 2012ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ ಒಂದು ಕಷ್ಟದ ಪರೀಕ್ಷೆಯಲ್ಲಿ ಎಡವಿದವರ ಮೇಲೆ ನಡೆದದ್ದು. ತಮ್ಮ ಬಗ್ಗೆ ಕರುಣೆಯಿಂದ ಯೋಚಿಸಲು ಹಚ್ಚಿದವರು ಮುಂದಿನ ಪರೀಕ್ಷೆಗೆ ಉಳಿದವರಿಗಿಂತ ಹೆಚ್ಚು ಹೊತ್ತು ಓದಿದರು. ಕಾರಣ ಸರಳ. ಬೈಗುಳದ ಹೆದರಿಕೆ ಇದ್ದವನು ತಪ್ಪಾದ ಉತ್ತರಪತ್ರಿಕೆಯನ್ನು ತೆರೆದೇ ನೋಡುವುದಿಲ್ಲ. ನೋಡದ ತಪ್ಪು ಮತ್ತೆ ಆಗುತ್ತದೆ.

ವಿಚಾರದ ಕೆಲಸ ಇಷ್ಟಾಯಿತು. ಆದರೆ ಮನಸ್ಸು ತೀರಾ ಕುಸಿದಾಗ ವಹಿಯಿಂದ ಆರಂಭಿಸಬೇಡಿ, ಕಾಲಿನಿಂದ ಆರಂಭಿಸಿ. ಬೇಸರವಾದವ ಕೆಲಸ ಕಡಿಮೆ ಮಾಡುತ್ತಾನೆ, ಕಡಿಮೆ ಮಾಡಿದ್ದಕ್ಕೆ ಖುಷಿಯ ಗಳಿಗೆಗಳು ತಪ್ಪುತ್ತವೆ, ಕೆಲಸ ಉಳಿದದ್ದಕ್ಕೆ ಬೈಗುಳ ಹೆಚ್ಚುತ್ತದೆ, ಬೇಸರ ಇಮ್ಮಡಿಯಾಗುತ್ತದೆ. ಗಾಣದ ಎತ್ತಿನ ಈ ಸುತ್ತನ್ನು ‘ಮನಸ್ಸು ಬಂದಾಗ ಮಾಡ್ತೇನಿ’ ಎಂದು ಕಾಯುತ್ತಾ ಕುಳಿತು ಮುರಿಯಲಾಗದು. ಮಾಡಿದ ಮೇಲೆಯೇ ಮನಸ್ಸು ಬರುವುದು. ರಾತ್ರಿಯೇ ಮರುದಿನದ ಮೂರು ಕೆಲಸ ಬರೆದಿಡಿ, ಹೊತ್ತು ಸಮೇತ: ದೇಹಕ್ಕೆ ಒಂದು, ಓದಿಗೆ ಒಂದು, ಮನುಷ್ಯರ ಜೊತೆ ಒಂದು. ಏಳಕ್ಕೆ ಕೆಲಗೇರಿ ಕೆರೆಯ ಕಡೆಗೋ ಉಣಕಲ್ ಕೆರೆಯ ದಂಡೆಗೋ 20 ನಿಮಿಷ ನಡಿಗೆ. ಹತ್ತಕ್ಕೆ 10 ನಿಮಿಷ ಲೆಕ್ಕ, ಮುಂದುವರಿಸುವುದು ಬಿಡುವುದು ಆಮೇಲಿನ ಮಾತು. ಸಂಜೆ ಖಾನಾವಳಿಯಲ್ಲಿ ಒಬ್ಬನೇ ಮೊಬೈಲ್ ನೋಡುತ್ತಾ ಅಲ್ಲ, ಗೆಳೆಯನೊಬ್ಬನ ಜೊತೆ ಊಟ. ಮಾಡುವ ಮುಂಚೆ ಎಷ್ಟು ಹಿತವೆನಿಸಬಹುದು ಎಂದು 10ಕ್ಕೆ ಒಂದು ಅಂಕ ಬರೆದು, ಮಾಡಿದ ಮೇಲೆ ಇನ್ನೊಂದು ಬರೆಯಿರಿ. ಕುಗ್ಗಿದ ಮನಸ್ಸು ಮೊದಲೇ 2 ಎನ್ನುತ್ತದೆ, ಆಮೇಲೆ 4 ಬರುತ್ತದೆ. ಆ ಮನಸ್ಸಿನ ಭವಿಷ್ಯವಾಣಿ ಎಷ್ಟು ನಂಬಬಹುದು ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಪುರಾವೆ ಬೇಡ. ‘ನಾಳೆಯಿಂದ ದಿನಾ 14 ತಾಸು ಓದು’ ಎಂಬಂಥ ಪಟ್ಟಿ ಮಾಡಿದವರು ಎರಡನೆಯ ದಿನಕ್ಕೆ ತಪ್ಪಿಸಿಕೊಳ್ಳುತ್ತಾರೆ, ಮತ್ತೆ ಬೈದುಕೊಳ್ಳಲು ಹೊಸ ಕಾರಣ ಸಿಗುತ್ತದೆ.

ನಿದ್ದೆಯ ಬಗ್ಗೆ ಒಂದೇ ಮಾತು. ಚಹಾ-ಕಾಫಿಯ ಕೆಫೀನಿನ ಅರ್ಧ ಭಾಗ ಮೈಯಿಂದ ಹೋಗಲು ಸುಮಾರು ಐದು ತಾಸು ಬೇಕು. ರಾತ್ರಿ ಹತ್ತರ ಚಹಾ ಬೆಳಗಿನ ಮೂರಕ್ಕೂ ಅರ್ಧ ಉಳಿದಿರುತ್ತದೆ. ನಿದ್ದೆಗೆಟ್ಟ ಬೆಳಿಗ್ಗೆ ಒಳಗಿನ ದನಿ ಎಲ್ಲಕ್ಕಿಂತ ಜೋರಾಗಿರುತ್ತದೆ.

ಒಳ್ಳೆಯದನ್ನು ಕಾಣುವ ಅಭ್ಯಾಸಕ್ಕೂ ಒಂದು ಪದ್ಧತಿ ಇದೆ. ರಾಬರ್ಟ್ ಎಮ್ಮನ್ಸ್ ಮತ್ತು ಮೈಕೆಲ್ ಮೆಕಲೊ 2003ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ವಾರಕ್ಕೊಮ್ಮೆ, ಹತ್ತು ವಾರ, ಉಪಕಾರವೆನಿಸಿದ ಐದರವರೆಗಿನ ಸಂಗತಿಗಳನ್ನು ಬರೆದವರು ಕಿರಿಕಿರಿಗಳ ಪಟ್ಟಿ ಬರೆದವರಿಗಿಂತ ತಮ್ಮ ಬದುಕಿನ ಬಗ್ಗೆ ಹೆಚ್ಚು ಸಮಾಧಾನ ಹೊಂದಿದ್ದರು. ವಾರಕ್ಕೊಮ್ಮೆ ಸಾಕು. ದಿನಾ ಬರೆಯಲು ಹೋದರೆ ಅದು ಪಾಠ ಒಪ್ಪಿಸಿದಂತಾಗುತ್ತದೆ. ‘ದೇವರು ಚಲೋ ಇಟ್ಟಾನ’ ಎಂಬುದು ಭಕ್ತಿಗೆ ಸರಿ, ಈ ವಹಿಗೆ ಸಾಲದು. ‘ಗುರುವಾರ ಜ್ವರಾ ಬಂದಾಗ ರೂಮಿನ ಗೆಳೆಯ ಗಂಜಿ ತಂದಾನ’ ಎಂದು ದಿನ, ಮನುಷ್ಯ, ಕೆಲಸ ಮೂರೂ ಇರಬೇಕು.

ಊರಿನಲ್ಲಿರುವ ಅವ್ವ-ಅಪ್ಪನಿಗೆ ಒಂದು ಕೋರಿಕೆ. ಒಳಗಿನ ದನಿಯ ಧಾಟಿ ಗಮನಿಸಿದರೆ ಎಷ್ಟೋ ಸಲ ಅದು ಎಲ್ಲೋ ಕೇಳಿದ ದನಿಯೇ ಆಗಿರುತ್ತದೆ. ‘ಬಾಜೂ ಮನಿ ಹುಡುಗನ್ನ ನೋಡು’ ಎಂದು ಹತ್ತು ವರ್ಷ ಕೇಳಿದ ಮಗ ಹನ್ನೊಂದನೆಯ ವರ್ಷ ಅದನ್ನು ತಾನೇ ಹೇಳಿಕೊಳ್ಳುತ್ತಾನೆ. ಫೋನ್ ಮಾಡಿದಾಗ ಮೊದಲ ಮಾತು ‘ರಿಸಲ್ಟ್ ಬಂತೇನು?’ ಆಗದಿರಲಿ, ‘ಊಟಾ ಆತೇನು?’ ಆಗಲಿ. ಹೊಗಳುವುದಿದ್ದರೆ ‘ನೀ ಭಾಳ ಶ್ಯಾಣ್ಯಾ’ ಎನ್ನುವ ಬದಲು ‘ಈ ತಿಂಗಳ ದಿನಾ ಬೆಳಿಗ್ಗೆ ಎದ್ದು ಕುಂತೆಲ್ಲ, ಅದು ಚಲೋ ಮಾಡಿದಿ’ ಎಂದು ಮಾಡಿದ ಕೆಲಸ ಹಿಡಿದು ಹೇಳಿ. ಶ್ಯಾಣ್ಯಾ ಎನಿಸಿಕೊಂಡವನಿಗೆ ಸೋತಾಗ ಬೀಳಲು ಎತ್ತರ ಹೆಚ್ಚು. ಹೆಣ್ಣುಮಕ್ಕಳ ಮುಂದೆ ‘ಇನ್ನ ಎಷ್ಟ ದಿನಾ ಕೂಡಸ್ಕೊಳ್ಳೂದು’ ಎಂಬ ಮಾತು ಬಂದರೆ ‘ನಾ ಮನಿಗೆ ಭಾರ’ ಎಂಬುದು ಅಲ್ಲಿಯೇ ನೆಲೆಯಾಗುತ್ತದೆ, ತೆಗೆಯಲು ವರ್ಷಗಳು ಹಿಡಿಯುತ್ತವೆ.

ವಹಿ, ನಡಿಗೆ ಯಾವುದೂ ಸಾಲದ ಸ್ಥಿತಿಯೂ ಇದೆ. ಎರಡು ವಾರ ಮೀರಿ ದಿನದ ಬಹುಪಾಲು ಮನಸ್ಸು ಕುಗ್ಗಿಯೇ ಇದ್ದರೆ, ಮೊದಲು ಇಷ್ಟವಾಗುತ್ತಿದ್ದದ್ದೂ ರುಚಿಸದಿದ್ದರೆ, ನಿದ್ದೆ-ಹಸಿವು ಕೆಟ್ಟರೆ, ಸಾಯುವ ವಿಚಾರ ಬಂದರೆ ಅದು ಕಾಯಿಲೆ ಇರಬಹುದು. ಅದಕ್ಕೆ ವೈದ್ಯರು ಬೇಕು. ಧಾರವಾಡದಲ್ಲಿ ಸರ್ಕಾರಿ ಮಾನಸಿಕ ಆರೋಗ್ಯ ಆಸ್ಪತ್ರೆ ಡಿಮ್ಹಾನ್ಸ್ ಇದೆ, ಹುಬ್ಬಳ್ಳಿಯ ಸರ್ಕಾರಿ ವೈದ್ಯಕೀಯ ಕಾಲೇಜು ಆಸ್ಪತ್ರೆಯಲ್ಲಿ ಮನೋವೈದ್ಯ ವಿಭಾಗ ಇದೆ, ಗದಗ ಮತ್ತು ಹಾವೇರಿಯವರು ಜಿಲ್ಲಾ ಆಸ್ಪತ್ರೆಯಲ್ಲಿ ವಿಚಾರಿಸಬಹುದು. ಡಿಮ್ಹಾನ್ಸಿನ ಗೇಟು ದಾಟಿದರೆ ಯಾರಾದರೂ ನೋಡಿಯಾರು ಎಂದು ಹಿಂಜರಿಯುವವರಿಗೆ ಟೆಲಿ ಮಾನಸ್ ಇದೆ: 14416. ಕೇಂದ್ರ ಸರ್ಕಾರ 2022ರ ಅಕ್ಟೋಬರ್‌ನಲ್ಲಿ ಆರಂಭಿಸಿದ ಉಚಿತ ದೂರವಾಣಿ ಸೇವೆ, ದಿನದ 24 ತಾಸೂ ಇರುತ್ತದೆ, ಕನ್ನಡದಲ್ಲಿ ಮಾತಾಡಬಹುದು. ಖಿನ್ನತೆಯ ಗುಳಿಗೆಗಳ ಗುಣ ಕಾಣಲು ಎರಡರಿಂದ ಆರು ವಾರ ಬೇಕು. ಒಂದು ವಾರಕ್ಕೆ ‘ಏನೂ ಆಗ್ಲಿಲ್ಲ’ ಎಂದೋ, ಆರಾಮಾದ ಕೂಡಲೇ ‘ಸಾಕು’ ಎಂದೋ ತಾವಾಗಿ ಬಿಡುವವರೇ ಬಹಳ. ಎರಡೂ ತಪ್ಪು, ಬಿಡುವುದನ್ನು ವೈದ್ಯರೇ ಹಂತ ಹಂತವಾಗಿ ಮಾಡಿಸಬೇಕು.

ಗೆಳೆಯ ಹೆಚ್ಚು ಮೌನವಾಗಿದ್ದಾನೆ, ಪುಸ್ತಕ-ಸಾಮಾನು ಹಂಚುತ್ತಿದ್ದಾನೆ, ‘ಇನ್ನ ನಿಮಗ ತ್ರಾಸ ಕೊಡೂದಿಲ್ಲ’ ಎನ್ನುತ್ತಿದ್ದಾನೆ ಎಂದರೆ ನೇರವಾಗಿ ಕೇಳಿ: ‘ಸಾಯೂ ವಿಚಾರ ಬಂದಾವೇನು?’ ಕೇಳುವುದರಿಂದ ಇಲ್ಲದ ವಿಚಾರ ಹುಟ್ಟುವುದಿಲ್ಲ. ಇದ್ದರೆ ಹೇಳಲು ದಾರಿಯಾಗುತ್ತದೆ. ‘ಹೌದು’ ಎಂದರೆ ಅವನನ್ನು ಒಬ್ಬನೇ ಬಿಡಬೇಡಿ, 14416ಕ್ಕೆ ಜೊತೆಯಲ್ಲೇ ಕುಳಿತು ಕರೆ ಮಾಡಿ, ಆಸ್ಪತ್ರೆಗೆ ಕರೆದೊಯ್ಯಿರಿ. ಹಳ್ಳಿಯ ಮನೆಗಳಲ್ಲಿ ಬೆಳೆಗೆ ಹೊಡೆಯುವ ಔಷಧವನ್ನು ಕೀಲಿ ಹಾಕಿ ಇಡುವುದು, ಕೀಲಿ ಬೇರೆಯವರ ಕೈಯಲ್ಲಿ ಇರುವುದು ಜೀವ ಉಳಿಸುತ್ತದೆ. ಸಾಯುವ ಒತ್ತರ ಬಹಳ ಸಲ ಕೆಲವು ಗಳಿಗೆಯದು, ಆ ಗಳಿಗೆಯಲ್ಲಿ ವಿಷ ಕೈಗೆ ಸಿಗದಿರುವುದೇ ದೊಡ್ಡದು. ಕೇಸ್ ಆಗುತ್ತದೆ ಎಂದು ಹೆದರಿ ಆಸ್ಪತ್ರೆಗೆ ತಡ ಮಾಡಬಾರದು. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 115ನೇ ಕಲಮು, ಬೇರೆ ರೀತಿ ಸಾಬೀತಾಗದ ಹೊರತು, ಆತ್ಮಹತ್ಯೆಗೆ ಯತ್ನಿಸಿದವರು ತೀವ್ರ ಒತ್ತಡದಲ್ಲಿದ್ದರೆಂದೇ ಭಾವಿಸಬೇಕು, ಅವರನ್ನು ಶಿಕ್ಷಿಸಬಾರದು ಎನ್ನುತ್ತದೆ, ಅವರ ಆರೈಕೆಯನ್ನು ಸರ್ಕಾರದ ಹೊಣೆಯಾಗಿಸುತ್ತದೆ.

ಸಂಪಾದಕರೇ, ತಮ್ಮಲ್ಲಿ ನಮ್ಮ ಬೇಡಿಕೆ ಮೂರು. ಫಲಿತಾಂಶ ಬರುವ ವಾರ ಶಿಕ್ಷಣ ಪುಟದಲ್ಲಿ ಐದು ಕಾಲಮ್ಮಿನ ಖಾಲಿ ಹಾಳೆಯೊಂದನ್ನು ಅಚ್ಚು ಹಾಕಿ, ಕೆಳಗೆ 14416 ಇರಲಿ. ಕತ್ತರಿಸಿ ಅಂಟಿಸಿಕೊಳ್ಳುವವರು ಅಂಟಿಸಿಕೊಳ್ಳುತ್ತಾರೆ. ಆಯ್ಕೆಯಾದವರ ಸಂದರ್ಶನ ಮಾಡುವಾಗ ಇದು ಎಷ್ಟನೆಯ ಯತ್ನ, ಹಿಂದಿನ ಯತ್ನಗಳಲ್ಲಿ ಎಷ್ಟು ಅಂಕಕ್ಕೆ ತಪ್ಪಿತು, ಆಮೇಲೆ ಏನು ಬದಲು ಮಾಡಿದರು ಎಂದು ಕೇಳಿ ಅದನ್ನೂ ಪ್ರಕಟಿಸಿ. ಓದುಕೋಣೆಯಲ್ಲಿ ಕುಳಿತವರು ಗೆದ್ದವರ ಫೋಟೊ ನೋಡುತ್ತಾರೆ, ಅವರ ಸೋಲಿನ ವಹಿ ಯಾರಿಗೂ ಕಾಣುವುದಿಲ್ಲ. ಮೂರನೆಯದು, ವಿದ್ಯಾರ್ಥಿಯ ಸಾವು ವರದಿಯಾಗುವಾಗ ‘ಫೇಲಾಗಿದ್ದಕ್ಕೆ ಆತ್ಮಹತ್ಯೆ’ ಎಂಬ ಒಂದೇ ಕಾರಣದ ತಲೆಬರಹ ಬೇಡ, ವಿಧಾನದ ವಿವರ ಬೇಡ. ಭಾರತೀಯ ಪತ್ರಿಕಾ ಮಂಡಳಿ 2019ರಲ್ಲಿಯೇ ಈ ಬಗ್ಗೆ ಮಾರ್ಗಸೂಚಿ ಹೊರಡಿಸಿದೆ. ಅದೇ ಸ್ಥಿತಿಯಲ್ಲಿರುವ ಇನ್ನೊಬ್ಬ ಆ ತಲೆಬರಹ ಓದುತ್ತಿರುತ್ತಾನೆ.

ಖಾಲಿ ಹಾಳೆಯ ಮಾದರಿಯನ್ನೂ ತುಂಬಿಸಿದ ಒಂದು ಹಾಳೆಯನ್ನೂ ಈ ಪತ್ರದ ಜೊತೆ ಲಗತ್ತಿಸಿದ್ದೇವೆ. ಜಾಗ ಸಾಲದಿದ್ದರೆ ಪತ್ರವನ್ನು ಕತ್ತರಿಸಿ, ಹಾಳೆಯನ್ನು ಪೂರ್ತಿ ಹಾಕಿ.

— ಇಬ್ಬರು ಆಪ್ತಸಮಾಲೋಚಕರು, ಧಾರವಾಡ